ಹಳದಿ ಪುಸ್ತಕ, ಹಂಡೆ ಒಲೆ

ನಮ್ಮ ಮನೆಗೆ ಪತ್ತೇದಾರಿ ಕಾದಂಬರಿಗಳು ಬರುತ್ತಿದ್ದದ್ದು ಸಂಬಳದ ವಾರದಲ್ಲಿ. ಅಪ್ಪ ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಂಬಳವಾದ ಮೇಲೆ ಒಂದು ಭಾನುವಾರ ಶಿವಮೊಗ್ಗಕ್ಕೆ ಹೋಗಿ ಗಾಂಧಿ ಬಜಾರಿನಿಂದ ಮನೆಗೆ ಬೇಕಾದ ಸಾಮಾನು ತರುವರು. ಚೀಲದ ತಳದಲ್ಲಿ, ಬೆಲ್ಲದ ಅಚ್ಚಿನ ಕೆಳಗೆ, ಹಳೇ ಪುಸ್ತಕದ ರಾಶಿಯಿಂದ ಹೆಕ್ಕಿ ತಂದ ನಾಲ್ಕೈದು ಕಾದಂಬರಿಗಳಿರುತ್ತಿದ್ದವು. ಹೆಚ್ಚಿನವು ಎನ್. ನರಸಿಂಹಯ್ಯನವರವು. ಮೊದಲು ಅಪ್ಪ ಓದುವರು, ಆಮೇಲೆ ಅಕ್ಕ. ನನಗಿನ್ನೂ ಎಂಟು ವರ್ಷ, ನನ್ನ ಪಾಲಿಗೆ ಮುಖಪುಟದ ಚಿತ್ರ ಮಾತ್ರ.

ಅಪ್ಪನಿಗೆ ಪುಸ್ತಕಕ್ಕಿಂತ ಕಾಗದದ ಮೇಲೆ ಜಾಸ್ತಿ ಪ್ರೀತಿಯೇನೋ ಅನ್ನಿಸುತ್ತಿತ್ತು. ಪುಟವನ್ನು ಎರಡು ಬೆರಳಲ್ಲಿ ಉಜ್ಜಿ ನೋಡುವರು. ‘ಇದು ನ್ಯೂಸ್‌ಪ್ರಿಂಟು. ಮರದಲ್ಲಿರೋ ಲಿಗ್ನಿನ್ ಇದರಲ್ಲಿ ಹಾಗೇ ಉಳಿದಿರ್ತದೆ. ಗಾಳಿ, ಬೆಳಕು ತಾಗ್ತಾ ತಾಗ್ತಾ ಹಳದಿ ಆಗೋದು ಅದಕ್ಕೇ’ ಎಂದು ವಿವರಿಸುವರು. ಪುಟ ತಿರುಗಿಸುವಾಗ ಅವರ ಬಲಗೈ ಅಂಗೈಯ ಅಂಚಿನಲ್ಲಿ ನುಣುಪಾದ ಕಲೆಯೊಂದು ಹೊಳೆಯುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಾರ್ಖಾನೆಯವರ ಕೈ ಎಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದೆ.

ಈ ಹಳದಿಯ ನೆನಪಾದದ್ದು ಎಷ್ಟೋ ವರ್ಷಗಳ ನಂತರ, ಸಹ್ಯಾದ್ರಿ ಕಾಲೇಜಿನ ದಿನಗಳಲ್ಲಿ. ಗೆಳೆಯನೊಬ್ಬ ಹಾರ್ಡ್‌ಡಿಸ್ಕಿನಲ್ಲಿ ತುಂಬಿಸಿಕೊಟ್ಟ ಸಿನಿಮಾಗಳ ನಡುವೆ ‘ಜಾಲ್ಲೋ’ ಎಂಬ ಹೆಸರಿನ ಫೋಲ್ಡರ್ ಇತ್ತು. ಇಟಾಲಿಯನ್ ಭಾಷೆಯಲ್ಲಿ ಜಾಲ್ಲೋ ಎಂದರೆ ಹಳದಿ. ‘ಹಳದಿ ಸಿನಿಮಾ ನೋಡ್ತಿದೀನಿ’ ಎಂದದ್ದಕ್ಕೆ ಅಮ್ಮ ಗಾಬರಿಯಾದಳು. ನಮ್ಮಲ್ಲಿ ಹಳದಿ ಪತ್ರಿಕೆ ಎಂದರೆ ಏನೆಂದು ಎಲ್ಲರಿಗೂ ಗೊತ್ತಲ್ಲ! ಇಟಲಿಯ ಹಳದಿಯ ಕತೆ ಬೇರೆ. 1929ರಲ್ಲಿ ಮಿಲಾನಿನ ಮೊಂಡಾಡೋರಿ ಪ್ರಕಾಶನ ಹಳದಿ ಮುಖಪುಟದ ಪತ್ತೇದಾರಿ ಮಾಲಿಕೆಯೊಂದನ್ನು ಶುರು ಮಾಡಿತು. ಮೊದಲ ಪುಸ್ತಕ ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ ಬರೆದ ಕಾದಂಬರಿಯ ಅನುವಾದ. ಹಿಂದೆಯೇ ಅಗಾಥಾ ಕ್ರಿಸ್ಟಿ, ಎಡ್ಗರ್ ವಾಲೇಸ್ ಬಂದರು. 1940ರ ದಶಕದ ಆರಂಭದಲ್ಲಿ ಫ್ಯಾಸಿಸ್ಟ್ ಸರ್ಕಾರ ಮಾಲಿಕೆಯನ್ನು ನಿಲ್ಲಿಸಿತು, ಯುದ್ಧ ಮುಗಿದ ಮೇಲೆ ಅದು ಮತ್ತೆ ಹೊರಟಿತು. ಅಷ್ಟು ಹೊತ್ತಿಗೆ ಬಣ್ಣದ ಹೆಸರೇ ಪ್ರಕಾರದ ಹೆಸರಾಗಿಬಿಟ್ಟಿತ್ತು. ಇವತ್ತಿಗೂ ಇಟಲಿಯವರಿಗೆ ಯಾವ ಪತ್ತೇದಾರಿ ಕತೆಯಾದರೂ ಜಾಲ್ಲೋನೇ. ಹೊರಗಿನವರು ಮಾತ್ರ 1960, 70ರ ದಶಕದ ಒಂದು ಬಗೆಯ ರೋಮಾಂಚಕ ಚಿತ್ರಗಳಿಗೆ ಆ ಹೆಸರನ್ನು ಮೀಸಲಿಟ್ಟಿದ್ದಾರೆ.

ನಮ್ಮಲ್ಲಿ ಆ ಮಾಲಿಕೆಯ ಕೆಲಸವನ್ನು ಹೆಚ್ಚುಕಮ್ಮಿ ಒಬ್ಬರೇ ಮಾಡಿದರು. ನಾಲ್ಕನೇ ಇಯತ್ತೆಯವರೆಗೆ ಓದಿದ್ದ ನರಸಿಂಹಯ್ಯನವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ ಬರೆದರು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಕಾದಂಬರಿಗಳ ಸಂಖ್ಯೆ ಐನೂರು ದಾಟಿತ್ತು. ಕನ್ನಡ ಓದುವ ಚಟವನ್ನು ಎಷ್ಟೋ ಮನೆಗಳಿಗೆ ಹಚ್ಚಿದ್ದು ಅವರ ಪುರುಷೋತ್ತಮ. ವಿಮರ್ಶಕರು ತಲೆಯೆತ್ತಿ ನೋಡದಿದ್ದರೂ ಓದುಗರು ಪುಸ್ತಕ ಕೆಳಗಿಡಲಿಲ್ಲ.

ಪುರುಷೋತ್ತಮನಂಥ ಪತ್ತೇದಾರನಿಗೂ ಜಾಲ್ಲೋ ಚಿತ್ರಗಳ ನಾಯಕನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪತ್ತೇದಾರ ನೋಡಿದ್ದನ್ನು ಸರಿಯಾಗಿ ನೋಡುತ್ತಾನೆ. ಅವನು ಬಂದನೆಂದರೆ ನಾವು ನಿಶ್ಚಿಂತೆಯಿಂದ ದಿಂಬಿಗೊರಗಬಹುದು. ಜಾಲ್ಲೋದ ನಾಯಕ ಪೊಲೀಸನಲ್ಲ, ಪತ್ತೇದಾರನೂ ಅಲ್ಲ. ಲೇಖಕನೋ, ಪಿಯಾನೋ ನುಡಿಸುವವನೋ, ಪ್ರವಾಸಕ್ಕೆ ಬಂದ ಹುಡುಗಿಯೋ, ಬಹಳ ಸಲ ಪರದೇಶದವರು. ಅವರ ಕಣ್ಣೆದುರೇ ಒಂದು ಅಪರಾಧ ನಡೆಯುತ್ತದೆ. ಅವರು ಎಲ್ಲವನ್ನೂ ನೋಡಿರುತ್ತಾರೆ, ಆದರೆ ತಪ್ಪಾಗಿ ನೋಡಿರುತ್ತಾರೆ. ‘ಅಲ್ಲೇನೋ ಒಂದು ಸರಿಯಿರಲಿಲ್ಲ’ ಎಂಬುದು ಕಾಲಿಗೆ ಹೊಕ್ಕ ಮುಳ್ಳಿನಂತೆ ಕಾಡುತ್ತಿರುತ್ತದೆ. ಉಳಿದ ಒಂದೂವರೆ ಗಂಟೆ ಹುಡುಕಾಟ ನಡೆಯುವುದು ಊರಿನಲ್ಲಲ್ಲ, ಅವರದೇ ನೆನಪಿನೊಳಗೆ.

ನೋಡಬೇಕೆನ್ನುವವರು ಮಾರಿಯೋ ಬಾವಾನಿಂದ ಶುರು ಮಾಡಿ. ಛಾಯಾಗ್ರಾಹಕನಾಗಿದ್ದು ನಿರ್ದೇಶಕನಾದವನು. ಅವನ ‘ದಿ ಗರ್ಲ್ ಹೂ ನ್ಯೂ ಟೂ ಮಚ್’ (1963) ಕಪ್ಪುಬಿಳುಪು ಚಿತ್ರ. ರೋಮಿಗೆ ಬರುವ ಅಮೆರಿಕದ ಹುಡುಗಿ ನೋರಾ ವಿಮಾನದಲ್ಲಿ ಪತ್ತೇದಾರಿ ಕಾದಂಬರಿ ಓದುತ್ತಿರುತ್ತಾಳೆ. ಆ ರಾತ್ರಿಯೇ ಸ್ಪ್ಯಾನಿಷ್ ಮೆಟ್ಟಿಲುಗಳ ಬಳಿ ಕೊಲೆಯೊಂದನ್ನು ಕಾಣುತ್ತಾಳೆ. ಯಾರೂ ನಂಬುವುದಿಲ್ಲ. ಅಷ್ಟೆಲ್ಲ ಕಾದಂಬರಿ ಓದುವವಳ ಮಾತನ್ನು ಯಾರು ನಂಬುತ್ತಾರೆ? ಮರುವರ್ಷದ ‘ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್’ ಬಣ್ಣದ್ದು. ಫ್ಯಾಷನ್ ಬಟ್ಟೆಗಳ ಮನೆ, ಮುಖವೇ ಕಾಣದ ಕೊಲೆಗಾರ, ಎಲ್ಲರಿಗೂ ಬೇಕಾದ ಒಂದು ಡೈರಿ. ಕೆಂಪು, ಹಸಿರು, ನೇರಳೆ ಬೆಳಕನ್ನು ಬಾವಾ ಹರಿಸಿರುವ ಪರಿ ನೋಡಿದರೆ ಕತೆ ಮರೆತರೂ ಕೋಣೆಗಳು ಮರೆಯುವುದಿಲ್ಲ.

ಆಮೇಲೆ ದಾರಿಯೋ ಅರ್ಜೆಂಟೋ. ಪತ್ರಿಕೆಗಳಿಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದವನು ಮಾಡಿದ ಮೊದಲ ಚಿತ್ರವೇ ‘ದಿ ಬರ್ಡ್ ವಿತ್ ದಿ ಕ್ರಿಸ್ಟಲ್ ಪ್ಲೂಮೇಜ್’ (1970). ರೋಮಿನಲ್ಲಿರುವ ಅಮೆರಿಕದ ಲೇಖಕನೊಬ್ಬ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದಾಗ, ಕಲಾ ಗ್ಯಾಲರಿಯ ಗಾಜಿನಾಚೆ ಇಬ್ಬರ ಹೊಡೆದಾಟ ಕಾಣುತ್ತಾನೆ. ಬಿಡಿಸಲು ಓಡುತ್ತಾನೆ, ಎರಡು ಗಾಜಿನ ಬಾಗಿಲುಗಳ ನಡುವೆ ಸಿಕ್ಕಿಬೀಳುತ್ತಾನೆ. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ, ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ನೋಡುವುದೊಂದೇ ಅವನಿಗೆ ಉಳಿದ ಕೆಲಸ, ನಮ್ಮ ಹಾಗೆ. ಸಂಗೀತ ಎನ್ನಿಯೋ ಮೊರಿಕೋನೆಯದು. ಈ ಚಿತ್ರ ಗೆದ್ದದ್ದೇ ತಡ, ಬೆಕ್ಕು, ನೊಣ, ಹಲ್ಲಿ, ಚೇಳಿನ ಬಾಲ ಎಂದು ಪ್ರಾಣಿಗಳ ಹೆಸರಿನ ಚಿತ್ರಗಳ ಸಾಲೇ ಹೊರಟಿತು. ಎಲ್ಲವನ್ನೂ ನೋಡಬೇಕಿಲ್ಲ. ಬಿಡಬಾರದ್ದು ಅರ್ಜೆಂಟೋನ ‘ಡೀಪ್ ರೆಡ್’ (1975). ಪಿಯಾನೋ ವಾದಕನೊಬ್ಬ ಕೊಲೆಯಾದವಳ ಮನೆಯ ಓಣಿಯಂಥ ಹಾದಿಯಲ್ಲಿ ಓಡುತ್ತಾನೆ, ಗೋಡೆಯ ತುಂಬ ಚಿತ್ರಪಟಗಳು. ಮತ್ತೆ ಬಂದು ನೋಡಿದರೆ ಒಂದು ಚಿತ್ರ ಕಾಣೆಯಾಗಿದೆ ಅನ್ನಿಸುತ್ತದೆ. ಇಷ್ಟೇ ಹೇಳುತ್ತೇನೆ. ಚಿತ್ರ ಮುಗಿದ ಮೇಲೆ ಆ ಓಟದ ದೃಶ್ಯಕ್ಕೆ ಹಿಂದಿರುಗಿ, ನಿಧಾನವಾಗಿ ನೋಡಿ. ಅರ್ಜೆಂಟೋ ಏನನ್ನೂ ಮುಚ್ಚಿಟ್ಟಿರಲಿಲ್ಲ.

ನಗರದ ಗಾಜು, ಸಂಗಮರವರಿ ಬೇಡ ಎನ್ನುವ ಮಲೆನಾಡಿನವರಿಗೆ ಎರಡು ಹಳ್ಳಿಯ ಚಿತ್ರಗಳಿವೆ. ಲೂಚಿಯೋ ಫುಲ್ಚಿಯ ‘ಡೋಂಟ್ ಟಾರ್ಚರ್ ಎ ಡಕ್ಲಿಂಗ್’ (1972) ದಕ್ಷಿಣ ಇಟಲಿಯ ಒಂದು ಗುಡ್ಡದ ಊರಿನದು. ಹುಡುಗರ ಕೊಲೆಗಳಾಗುತ್ತವೆ, ಊರು ಮಾಟಗಾತಿಯೆಂದು ಕರೆಯುವ ಹೆಂಗಸಿನ ಮೇಲೆ ಬೆರಳು ತೋರಿಸುತ್ತದೆ. ಅವಳಿಗೆ ಊರ ಗಂಡಸರು ಮಾಡುವುದು ಈ ಇಡೀ ಪ್ರಕಾರದಲ್ಲಿ ನಾನು ಕಂಡ ಅತಿ ನೋವಿನ ದೃಶ್ಯ. ಅಲ್ಲಿ ಮುಸುಕಿನ ಕೊಲೆಗಾರನಿಲ್ಲ, ಮುಖ ಗೊತ್ತಿರುವ ನೆರೆಯವರೇ ಇದ್ದಾರೆ. ಇನ್ನೊಂದು ಪೂಪಿ ಅವಾತಿಯ ‘ದಿ ಹೌಸ್ ವಿತ್ ಲಾಫಿಂಗ್ ವಿಂಡೋಸ್’ (1976). ಚರ್ಚಿನ ಗೋಡೆಚಿತ್ರವೊಂದನ್ನು ಸರಿಪಡಿಸಲು ಬರುವ ಕಲಾವಿದ, ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಗುಟ್ಟು. ತಾಳ್ಮೆ ಬೇಡುವ ಚಿತ್ರ. ಮಳೆಗಾಲದ ರಾತ್ರಿ ಕರೆಂಟು ಹೋಗುವ ಮುಂಚೆ ನೋಡಿ ಮುಗಿಸಿ.

ಒಂದು ಎಚ್ಚರಿಕೆಯ ಮಾತು. ಈ ಚಿತ್ರಗಳಲ್ಲಿ ಹೆಂಗಸರು ಸಾಯುವುದನ್ನು ಕ್ಯಾಮೆರಾ ಚಪ್ಪರಿಸಿಕೊಂಡು ನೋಡುತ್ತದೆ. ಅದು ಬರೀ ಕಾಲದ ದೋಷ ಎಂದು ತೇಲಿಸಿಬಿಡಲು ನನಗೆ ಮನಸ್ಸಿಲ್ಲ. ಕೊಲೆಗಾರನ ಕಪ್ಪು ಕೈಗವಸಿನೊಳಗೆ ಎಷ್ಟೋ ಸಲ ಇದ್ದದ್ದು ಅರ್ಜೆಂಟೋನದೇ ಕೈ ಎಂಬುದು ಪ್ರಸಿದ್ಧ ಸಂಗತಿ. ನೋಡುವಾಗ ಅದು ನೆನಪಿರಲಿ. ಆ ಕೈಗೆ ಕ್ಯಾಮೆರಾದ ಮೂಲಕ ನಮ್ಮ ಕಣ್ಣನ್ನೂ ಜೋಡಿಸಿರುತ್ತಾರೆ.

ಕನ್ನಡದಲ್ಲಿ ಇಂಥದ್ದಿಲ್ಲವೇ ಎಂದರೆ, ಕಾಶೀನಾಥರ ‘ಅಪರಿಚಿತ’ (1978) ಇದೆ. ಹಾಡುಗಳೇ ಇಲ್ಲದ, ಶಂಕರನಾಗ್ ನಟಿಸಿದ ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989) ಇದೆ. ಕಾದಂಬರಿಕಾರನನ್ನೇ ನಾಯಕನಾಗಿಸಿ ಊರಿನ ಭೂತದ ಭಯದೊಳಗೆ ಇಳಿಸಿದ ‘ರಂಗಿತರಂಗ’ (2015) ಜಾಲ್ಲೋಗೆ ಇನ್ನೂ ಹತ್ತಿರ. ಇಟಲಿಯ ಚಿತ್ರಗಳನ್ನು ನೋಡಿದ ಮೇಲೆ ಇವನ್ನು ಮತ್ತೆ ನೋಡಿದರೆ ಬೇರೆಯಾಗಿಯೇ ಕಾಣುತ್ತವೆ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ನಾನೂ ಒಂದು ಸಾಕ್ಷಿ ಹೇಳಿಕೊಂಡು ಬಂದವನು.

ಭದ್ರಾವತಿಯ ಬಾಡಿಗೆ ಮನೆ. ಆಟ ಮುಗಿಸಿ ಹಿತ್ತಲಿನಿಂದ ಬರುತ್ತಿದ್ದೆ. ಬಚ್ಚಲಿನ ಕಿಟಕಿಯಲ್ಲಿ ಹೊಗೆ. ಒಳಗೆ ಹಂಡೆ ಒಲೆಯ ಮುಂದೆ ಅಪ್ಪ ಕುಕ್ಕರುಗಾಲಲ್ಲಿ ಕೂತಿದ್ದರು, ಅವರ ಕೈಯಲ್ಲಿ ಹೊತ್ತಿ ಉರಿಯುವ ಪುಸ್ತಕ. ಗೋಡೆಗೊರಗಿ ಅಕ್ಕ ಬಿಕ್ಕುತ್ತಿದ್ದಳು. ಅಂದು ಬೆಳಿಗ್ಗೆ ಅವಳ ಸೆಕೆಂಡ್ ಪಿಯುಸಿ ಫಲಿತಾಂಶ ಬಂದಿತ್ತು, ಗಣಿತದಲ್ಲಿ ನಪಾಸು. ಅಮ್ಮ ಓಡಿ ಬಂದು ‘ಇದೇನಿದು?’ ಎಂದಾಗ ಅಪ್ಪ ‘ನಾನೇ ಹಾಕಿದೆ, ಬಿಡು’ ಎಂದದ್ದನ್ನು ನನ್ನ ಕಿವಿಯಾರೆ ಕೇಳಿದೆ.

ಇನ್ನೇನು ಬೇಕು? ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಮಗಳು ನಪಾಸಾದಳೆಂದು ಅವಳ ಪುಸ್ತಕ ಸುಟ್ಟ ಅಪ್ಪ. ಕಾಲೇಜಿನಲ್ಲಿ ಗೆಳೆಯರಿಗೆ ಇದನ್ನು ಹೇಳಿ ಅಯ್ಯೋ ಅನ್ನಿಸಿಕೊಂಡಿದ್ದೇನೆ. 2014ರಲ್ಲಿ ಅಪ್ಪ ತೀರಿಕೊಂಡರು. ಅದಕ್ಕೂ ಕೆಲವು ತಿಂಗಳ ಹಿಂದೆ, ಕಣ್ಣು ಮಂಜಾಗಿದ್ದ ಅವರು ‘ಒಂದು ಪುರುಷೋತ್ತಮನ್ನ ಓದಿ ಹೇಳ್ತೀಯೇನೋ?’ ಎಂದು ಕೇಳಿದ್ದರು. ‘ಪುಸ್ತಕ ಸುಟ್ಟವರಿಗೆ ಪುಸ್ತಕ ಯಾಕೆ?’ ಎಂದೆ. ತಮಾಷೆಯ ದನಿಯಲ್ಲೇ ಅಂದದ್ದು, ಆದರೆ ತಮಾಷೆಯಾಗಿರಲಿಲ್ಲ. ಅಪ್ಪ ಏನೂ ಹೇಳಲಿಲ್ಲ. ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು.

2020ರ ಯುಗಾದಿಗೆ ಸಾಗರದಿಂದ ಅಕ್ಕ ಮಗಳೊಂದಿಗೆ ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದಳು. ಹಬ್ಬದ ದಿನವೇ ಲಾಕ್‌ಡೌನ್ ಶುರುವಾಗಿ ಇಲ್ಲೇ ಉಳಿಯಬೇಕಾಯಿತು. ರಾತ್ರಿಗಳು ಉದ್ದವಾಗಿದ್ದವು. ಅಕ್ಕನಿಗೆ ‘ಡೀಪ್ ರೆಡ್’ ಹಾಕಿದೆ. ಅರ್ಧ ಗಂಟೆಯೊಳಗೆ, ‘ಅವನು ನೋಡಿದಾನೆ ಕಣೋ. ನೋಡಿದ್ದು ಅವನಿಗೇ ಗೊತ್ತಾಗಿಲ್ಲ ಅಷ್ಟೆ’ ಎಂದಳು. ಪುರುಷೋತ್ತಮನ ಶಿಷ್ಯೆ! ಚಿತ್ರ ಮುಗಿದ ಮೇಲೆ ಅವಳ ಮಗಳಿಗೆ ಅಕ್ಕನ ಬುದ್ಧಿವಂತಿಕೆಯನ್ನು ಹೊಗಳುತ್ತಾ, ‘ನಿಮ್ಮಜ್ಜ ಇವಳ ಪುಸ್ತಕ ಸುಡದಿದ್ದರೆ ಇವಳೇ ಪತ್ತೇದಾರಿ ಬರೀತಿದ್ದಳೇನೋ’ ಎಂದೆ. ಅಕ್ಕ ಎದ್ದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಕಾಫಿ ಲೋಟ ನನ್ನ ಮುಂದಿಟ್ಟು ಹೇಳಿದಳು. ‘ನಿನಗೆ ಗೊತ್ತಿದೆ ಅಂತಲೇ ತಿಳ್ಕೊಂಡಿದ್ದೆ. ಪುಸ್ತಕ ಒಲೆಗೆ ಹಾಕಿದ್ದು ನಾನು. ಸಿಟ್ಟಿಗೆ, ನಾಚಿಕೆಗೆ, ಇದ್ದಬದ್ದದ್ದೆಲ್ಲ ತಂದು ಹಾಕಿದೆ. ಅಪ್ಪ ಬಂದು ಒಲೆಗೆ ಕೈ ಹಾಕಿ ಒಂದೊಂದೇ ಹೊರಗೆ ಎಳೀತಾ ಇದ್ರು. ಅಮ್ಮ ನನ್ನ ಹೊಡೀತಾಳೆ ಅಂತ ತಾನೇ ಹಾಕಿದ್ದು ಅಂದ್ರು.’

‘ಆ ಕಲೆ?’ ಎಂದೆ.

‘ಮತ್ತಿನ್ನೇನು? ಹದಿನೈದು ದಿನ ಎಡಗೈಯಲ್ಲಿ ಊಟ ಮಾಡಿದ್ರಲ್ಲ.’

ಅದೂ ನನಗೆ ನೆನಪಿತ್ತು. ಅಪ್ಪ ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿಯುತ್ತಿದ್ದದ್ದು, ನಾನು ನಕ್ಕದ್ದು, ಅವರೂ ನಕ್ಕದ್ದು. ಒಲೆಯನ್ನೂ ಚಮಚವನ್ನೂ ಕಲೆಯನ್ನೂ ಇಪ್ಪತ್ತೈದು ವರ್ಷ ಬೇರೆ ಬೇರೆ ಕಪಾಟಿನಲ್ಲಿ ಇಟ್ಟುಕೊಂಡಿದ್ದೆ. ಕಂಡದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಇಟಲಿಯ ಚಿತ್ರಗಳಲ್ಲಿ ಸಾಕ್ಷಿ ಎಡವುವುದು ಕತೆಯ ಚಮತ್ಕಾರ ಎಂದುಕೊಂಡು ಚಪ್ಪಾಳೆ ತಟ್ಟಿದ್ದವನು ನಾನು. ಆ ಚಿತ್ರಗಳ ನಾಯಕರಿಗೆ ಕೊನೆಯ ಹತ್ತು ನಿಮಿಷದಲ್ಲಾದರೂ ನೆನಪು ಸರಿಯಾಗುತ್ತದೆ. ನನಗೆ ಸರಿಯಾಗುವ ಹೊತ್ತಿಗೆ ಅಪ್ಪ ಹೋಗಿ ಆರು ವರ್ಷವಾಗಿತ್ತು.

ಅಪ್ಪ ದುಡಿದ ಕಾರ್ಖಾನೆಯೂ 2015ರಲ್ಲಿ ಕಾಗದ ಮಾಡುವುದನ್ನು ನಿಲ್ಲಿಸಿತು. ಅವರ ಟ್ರಂಕು ಅಟ್ಟದ ಮೇಲಿತ್ತು. ಅಕ್ಕ ಹೇಳಿದ ಮೇಲೆ ಇಳಿಸಿ ನೋಡಿದೆ. ಪಿಎಫ್ ಚೀಟಿಗಳ ಕೆಳಗೆ, ಹಳೇ ಪಂಚೆಯಲ್ಲಿ ಸುತ್ತಿಟ್ಟ ಐದು ಪುಸ್ತಕಗಳು. ಅಂಚು ಕಪ್ಪು, ಒಳಗೆ ಅರಿಶಿನದಂಥ ಹಳದಿ. ಮುಟ್ಟಿದರೆ ಉದುರುತ್ತವೆ. ಒಂದನ್ನು ಆ ರಾತ್ರಿಯೇ ಗಟ್ಟಿಯಾಗಿ ಓದಿದೆ. ಕೇಳಲು ಅಕ್ಕ, ಅವಳ ಮಗಳು, ಅಮ್ಮ ಇದ್ದರು. ಕೊನೆಯ ನಾಲ್ಕು ಪುಟ ಸುಟ್ಟುಹೋಗಿವೆ. ಕೊಲೆಗಾರ ಯಾರೆಂದು ಅಕ್ಕನಿಗೆ ಗೊತ್ತು. ಎಷ್ಟು ಕೇಳಿದರೂ ಹೇಳುತ್ತಿಲ್ಲ.