ಯಾರಿಗೆ ಕುರ್ಚಿ ಬಿಡುತ್ತೇವೆ?

ಹೊಸಪೇಟೆಯಲ್ಲಿ ಯಾರನ್ನೇ ಕೇಳಿ, ಬಂದೂಕಿನ ಸಹವಾಸ "ಬ್ಯಾಡ್ರೀ ಯಪ್ಪಾ" ಅಂತಾರೆ. ಅದೇ ಜನ, ಹಿಂದೆ ಗನ್‌ಮ್ಯಾನ್ ಇಟ್ಟುಕೊಂಡು ಒಬ್ಬರು ಮದುವೆ ಮಂಟಪಕ್ಕೆ ಬಂದರೆ ಮುಂದಿನ ಸಾಲಿನ ಕುರ್ಚಿ ಬಿಟ್ಟು ಏಳುತ್ತಾರೆ. ಸಂಡೂರಿನ ಅದಿರಿನ ದುಡ್ಡು ಹರಿದಾಡಿದ ಕಾಲದಿಂದ ಇದನ್ನು ನೋಡುತ್ತಿದ್ದೇನೆ.

ಬಾಯಿ ಹೇಳದ ಒಲವನ್ನು ಅಳೆಯಲು ಮನಶ್ಶಾಸ್ತ್ರಜ್ಞ ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಪರದೆಯ ಮೇಲೆ ಚಿತ್ರವೋ ಪದವೋ ಬಂದ ಕೂಡಲೇ ಗುಂಡಿ ಒತ್ತಬೇಕು. ಯಾವ ಎರಡು ಬಗೆಗಳನ್ನು ಒಂದೇ ಗುಂಡಿಗೆ ಜೋಡಿಸಿದಾಗ ಕೈ ತಡವರಿಸಿತು ಅಂತ ಮಿಲಿಸೆಕೆಂಡಿನಲ್ಲಿ ಲೆಕ್ಕ ಹಾಕುತ್ತಾರೆ. ಒಬ್ಬರದೇ ಫಲಿತಾಂಶ ಇವತ್ತೊಂದು ನಾಳೆಯೊಂದು ಬರುವುದೂ ಉಂಟು. ನನಗೆ ಮಂಟಪದ ಆ ಕುರ್ಚಿಯೇ ಹೆಚ್ಚು ನಂಬಿಕೆಯ ಅಳತೆ.

ಪಕ್ಕದಲ್ಲಿ ಕೂತ ಮಕ್ಕಳು ಎಲ್ಲ ಗಮನಿಸುತ್ತಿರುತ್ತಾರೆ. ದಯವಿಟ್ಟು ಹಿರಿಯರಿಗೆ ಏಳಿ, ಬಸುರಿಯರಿಗೆ ಏಳಿ. ಬಂದೂಕಿಗೆ ಏಳಬೇಡಿ.