ಅಜ್ಜಿಗೆ ಕಾರಿನ ಕಾವಲೇಕೆ?

ರಾಮನಗರದ ಪ್ರವಾಸವೆಂದರೆ ಮಕ್ಕಳಿಗೆ 'ಶೋಲೆ' ಖ್ಯಾತಿಯ ರಾಮದೇವರ ಬೆಟ್ಟ. ಮಂಡಿ ಸವೆದ ಅಜ್ಜಿಗೆ ಕಾರಿನ ಕಾವಲು! ಹಾಗಾಗಬೇಕಿಲ್ಲ. ಮಂಡಿಗೆ ಹೆಚ್ಚು ಭಾರ ಬೀಳುವುದು ಮೆಟ್ಟಿಲಿಳಿಯುವಾಗ, ದೇಹತೂಕದ ಮೂರು ಪಟ್ಟಿಗೂ ಮಿಗಿಲು. ಸಮನೆಲದ ನಡಿಗೆ ಅಷ್ಟು ದಣಿಸದು. ತೊಡೆಯ ಸ್ನಾಯು ಬಲಿತರೆ ನೋವೂ ತಗ್ಗುತ್ತದೆ. ಕೃತಕ ಮಂಡಿ ಹಾಕಿಸಿಕೊಂಡವರೂ ವೈದ್ಯರು ಒಪ್ಪಿದ ಮೇಲೆ ಧಾರಾಳವಾಗಿ ನಡೆಯಬಹುದು. ಓಟ, ಜಿಗಿತ ಮಾತ್ರ ಬೇಡ.

ಬೆಟ್ಟ ಬಿಟ್ಟು ಚನ್ನಪಟ್ಟಣದ ಹಾದಿ ಹಿಡಿದರೆ ಎಚ್.ಎಲ್. ನಾಗೇಗೌಡರ ಕನಸಿನ ಜಾನಪದ ಲೋಕ ಸಿಗುತ್ತದೆ. 1994ರಲ್ಲಿ ಉದ್ಘಾಟನೆಯಾದದ್ದು. ಮರದ ನೆರಳು, ನಿಧಾನಕ್ಕೆ ಸುತ್ತಿದರೂ ಆದೀತು. ಕೋಲೊಂದು ಜೊತೆಗಿರಲಿ, ಬಿಸಿಲೇರುವ ಮುನ್ನ ಹೊರಡಿ. ಅಲ್ಲಿ ಒನಕೆ, ಬೀಸುಕಲ್ಲು, ಮೊರಗಳ ಮುಂದೆ ಮೊಮ್ಮಕ್ಕಳು "ಇದೇನಜ್ಜಿ?" ಎಂದು ಕೇಳಿದರೆ ಅಜ್ಜಿಯೇ ಗೈಡ್. ಆಮೇಲೆ ಅವರನ್ನು ಕಾರಿಗೆ ಹತ್ತಿಸುವುದೇ ಕಷ್ಟ.