ಅಪ್ಪ ಹಾಲು ತರಲು ಹೋದ ಬೀದಿ

ಶಿವಮೊಗ್ಗದಲ್ಲೇ ಹುಟ್ಟಿ ಬೆಳೆದವನಿಗೆ ಇಲ್ಲಿ ಮನೆ ಹುಡುಕೋದು ಏನು ಮಹಾ ಅಂದ್ಕೊಂಡಿದ್ದೆ. ಗಾಂಧಿ ಬಜಾರ್ ಹಿಂದಿನ ನಮ್ಮ ಬಾಡಿಗೆ ಮನೆಯನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಿಸ್ತೀನಿ ಅಂತ ಓನರ್ ಹೇಳಿದಾಗ ಗೊತ್ತಾಯ್ತು, ನನಗೆ ಸರಿಯಾಗಿ ಗೊತ್ತಿದ್ದದ್ದು ನಮ್ಮ ಬೀದಿ ಮಾತ್ರ. ಅಮ್ಮ ಹೋಗಿ ಎರಡು ವರ್ಷ. ಅಪ್ಪನಿಗೆ ಎಪ್ಪತ್ನಾಲ್ಕು. ನಾನು ವಾರಕ್ಕೆ ಎರಡು ದಿನ ಬೆಂಗಳೂರಿನ ಆಫೀಸಿಗೆ ಹೋಗಬೇಕು. ಹೆಂಡತಿಗೆ ಮನೆಯಿಂದಲೇ ಕೆಲಸ. ಮೂವರಿಗೂ ಹೊಂದುವ ಏರಿಯಾ ಬೇಕಿತ್ತು.

ಮೊದಲು ನೋಡಿದ್ದು ತುಂಗೆಯಾಚೆಯ ವಿದ್ಯಾನಗರ. ಅಪ್ಪ ಓದಿದ ಸಹ್ಯಾದ್ರಿ ಕಾಲೇಜು ಇರೋದು ಅಲ್ಲೇ. ಹೊಳೆ ಕಡೆಗಿನ ಬೀದಿಯೊಂದರಲ್ಲಿ ಮನೆ, ನಮ್ಮ ಬಜೆಟ್ಟಿಗಿಂತ ಕಡಿಮೆ ರೇಟು. ನಾನು ಆಗಲೇ ಅಡ್ವಾನ್ಸ್ ಲೆಕ್ಕ ಹಾಕ್ತಿದ್ದೆ. ಅಪ್ಪ ಮಾತ್ರ ಗೋಡೆ ನೋಡ್ತಾ ನಿಂತಿದ್ರು.

“ಸೊಂಟದ ಮಟ್ಟಕ್ಕೆ ಮಾತ್ರ ಯಾಕಪ್ಪ ಹೊಸ ಪೇಂಟು?”

ಬ್ರೋಕರ್ ನಕ್ಕು ಸುಮ್ಮನಾದ. ಉತ್ತರ ಸಿಕ್ಕಿದ್ದು ಎದುರು ಮನೆಯ ಅಜ್ಜಿಯಿಂದ. 2019ರ ಆಗಸ್ಟಿನಲ್ಲಿ ಅವರೆಲ್ಲ ಮಹಡಿ ಮೇಲೆ ರಾತ್ರಿ ಕಳೆದಿದ್ರಂತೆ. ಗಾಜನೂರು ಡ್ಯಾಮಿನ ನೀರು ಹೆಚ್ಚಾದಾಗ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ ಅಂತ ನೋಡೋಕೆ ನಾವು ಹೊಳೆ ಹತ್ತಿರ ಓಡ್ತಿದ್ವಿ. ಚಿಕ್ಕವನಿದ್ದಾಗ ನನಗದು ಜಾತ್ರೆ. ಆ ನೀರು ಮುಂದೆ ಯಾರ ಮನೆಗೆ ನುಗ್ಗುತ್ತೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ವಿದ್ಯಾನಗರವೆಲ್ಲ ಹಾಗಿಲ್ಲ, ತಗ್ಗಿನ ಬೀದಿಗಳದ್ದೇ ಕಷ್ಟ. ನಾವು ನೋಡಿದ್ದು ಅಂಥ ಒಂದು ಬೀದಿ.

ಎರಡನೆಯದು ಗೋಪಾಳ. ಅಗಲ ರಸ್ತೆ, ಮೂರು ಬೆಡ್‌ರೂಮು, ಕಾರಿಗೆ ಜಾಗ. ಹೆಂಡತಿ ಮೂಲೆಯ ರೂಮಿನ ಕಿಟಕಿ ತೆಗೆದು, “ಇದು ನನ್ನ ಆಫೀಸು” ಅಂದಳು. ಬಾಗಿಲು ಹಾಕ್ಕೊಂಡು ಕೆಲಸ ಮಾಡೋ ಜಾಗ ಅವಳಿಗೆ ಮದುವೆಯಾದಾಗಿನಿಂದ ಸಿಕ್ಕಿರಲಿಲ್ಲ. ನಾವು ಅಳತೆ ತೆಗೀತಾ ಇರುವಾಗ ಅಪ್ಪ ಬೇಜಾರಾಗಿ, “ಹಾಲು ತರ್ತೀನಿ” ಅಂತ ಹೊರಟರು. ಹದಿನೈದು ನಿಮಿಷದಲ್ಲಿ ವಾಪಸ್. “ಒಳ್ಳೇ ಏರಿಯಾ. ಯಾರೂ ಮಾತಾಡಿಸ್ಲಿಲ್ಲ.” ಅಷ್ಟೇ ಅಂದ್ರು.

ಮೂರನೆಯದು ವಿನೋಬನಗರದ ಹಳೇ ಮನೆ. ಎರಡೇ ಬೆಡ್‌ರೂಮು, ಕಾರು ಬೀದಿಯಲ್ಲೇ, ರೇಟು ಐದಾರು ಲಕ್ಷ ಜಾಸ್ತಿ. ಬೆಳಗಿನ ಜನಶತಾಬ್ದಿ ಹಿಡಿಯೋಕೆ ನನಗೆ ಅನುಕೂಲ ಅನ್ನೋದು ಬಿಟ್ಟರೆ ಹೆಚ್ಚುಗಾರಿಕೆ ಏನೂ ಕಾಣಲಿಲ್ಲ. ಅಪ್ಪ ಇಲ್ಲೂ ಹಾಲಿಗೆ ಹೋದರು. ಅರ್ಧ ಗಂಟೆಯಾಯ್ತು, ಮುಕ್ಕಾಲು ಗಂಟೆಯಾಯ್ತು, ಫೋನ್ ಎತ್ತಲಿಲ್ಲ. ಗಾಬರಿಯಾಗಿ ಇಬ್ಬರೂ ಒಂದೊಂದು ದಿಕ್ಕಿಗೆ ಓಡಿದ್ವಿ. ಪೊಲೀಸ್ ಚೌಕಿ ಹತ್ತಿರದ ಅಂಗಡಿ ಕಟ್ಟೆ ಮೇಲೆ, ಹಾಲಿನ ಪ್ಯಾಕೆಟ್ ತೊಡೆ ಮೇಲಿಟ್ಟುಕೊಂಡು, ಹಳೇ ಸಹೋದ್ಯೋಗಿ ಜೊತೆ ಜೋರಾಗಿ ನಗ್ತಿದ್ರು. ಅಮ್ಮ ಹೋದ ಮೇಲೆ ಆ ನಗು ನಾನು ಕೇಳಿರಲಿಲ್ಲ.

ಕಾರಲ್ಲಿ ಯಾರೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಹೆಂಡತಿಯೇ ಅಂದಳು: “ವಿನೋಬನಗರದ್ದೇ ತಗೊಳ್ಳೋಣ ರೀ. ಆದ್ರೆ ಮಹಡಿ ಮೇಲೆ ನನಗೊಂದು ರೂಮು ಕಟ್ಟಿಸಿಕೊಡಬೇಕು. ಮಾತಿಗೆ ಅಲ್ಲ, ನಿಜವಾಗ್ಲೂ.”

ಋಣಭಾರ ಪತ್ರ, ಇ-ಖಾತೆ ಎಲ್ಲ ವಕೀಲರಿಗೆ ತೋರಿಸಿಯೇ ತಗೊಂಡ್ವಿ. ನೀವೂ ಮನೆ ಹುಡುಕ್ತಿದ್ರೆ ಕಾಗದಪತ್ರದ ಜೊತೆಗೆ ಇನ್ನೆರಡು ಕೆಲಸ ಮಾಡಿ: ಮಳೆಗಾಲದಲ್ಲೊಮ್ಮೆ ಹೋಗಿ ನೋಡಿ, ಬ್ರೋಕರ್ ಇಲ್ಲದಾಗ ಎದುರು ಮನೆಯವರನ್ನು ಮಾತಾಡಿಸಿ. ಮನೆಯಲ್ಲಿ ಹಿರಿಯರಿದ್ರೆ ಅವರನ್ನು ಒಂಟಿಯಾಗಿ ಹಾಲಿಗೆ ಕಳಿಸಿ.

ಮಹಡಿ ರೂಮು ಇನ್ನೂ ಆಗಿಲ್ಲ, ಸಾಲದ ಕಂತೇ ಭಾರ. ಹೆಂಡತಿಯ ಮೀಟಿಂಗುಗಳು ಊಟದ ಮೇಜಿನ ಮೇಲೆ, ಕುಕ್ಕರ್ ಸೀಟಿಯ ನಡುವೆಯೇ ನಡೀತಿವೆ. ಗೋಪಾಳದ ಆ ಕಿಟಕಿ ಬಗ್ಗೆ ಆಗಾಗ ನೆನಪಿಸ್ತಾಳೆ. ನಾನು ಎದುರಾಡಲ್ಲ. ಈ ದೀಪಾವಳಿ ಕಳೆದ ಕೂಡಲೇ ಗಾರೆ ಮೇಸ್ತ್ರಿಗೆ ಬರೋಕೆ ಹೇಳಿದ್ದೀನಿ.